ನಮ್ಮ ಕಥೆ, ಅವರ ಗುಟ್ಟು

ನಿವೃತ್ತರಾದ ಮೇಷ್ಟರು, ಬ್ಯಾಂಕಿನ ಮ್ಯಾನೇಜರು, ಎಂಜಿನಿಯರು ಎಲ್ಲರೂ ಈಗ ಆತ್ಮಕಥೆ ಬರೆಯುತ್ತಿದ್ದಾರೆ. ಮಕ್ಕಳು ಖರ್ಚು ಹಾಕಿ 300 ಪ್ರತಿ ಅಚ್ಚು ಮಾಡಿಸುತ್ತಾರೆ. 75 ತುಂಬಿದ ದಿನ ಊಟಕ್ಕೆ ಬಂದವರಿಗೆ ಎಲೆ ಅಡಿಕೆಯ ಜೊತೆ ಒಂದೊಂದು ಪುಸ್ತಕ ಕೊಡುತ್ತಾರೆ. ಸಾಮಾನ್ಯರ ಬದುಕೂ ಅಕ್ಷರಕ್ಕಿಳಿಯುವುದು ಸಂತೋಷದ ವಿಷಯವೇ. ಆದರೆ ಪುಸ್ತಕ ಕೈಗೆ ಬಂದ ನೆಂಟರು ಮೊದಲು ಹುಡುಕುವುದು ತಮ್ಮ ಹೆಸರನ್ನು. ಪಾಲಿನ ದಿನ ಚಿಕ್ಕಪ್ಪ ಆಡಿದ ಮಾತು, ತವರಿಗೆ ಹೋದ ಅತ್ತಿಗೆ ವರ್ಷಗಟ್ಟಲೆ ಬಾರದೆ ಉಳಿದದ್ದು, ಗೆಳೆಯ ಸಾಲ ಮಾಡಿ ಊರು ಬಿಟ್ಟದ್ದು ಎಲ್ಲವೂ ಅಲ್ಲಿರುತ್ತದೆ. ಬರೆದವರಿಗೆ ಅದು ನೆನಪು. ಓದಿದವರಿಗೆ ಬೀದಿಗೆ ಬಂದ ಮನೆಮಾತು.

ಆತ್ಮಕಥೆಯ ತೊಡಕೇ ಇದು. ಬರೆಯುವವರು ಒಬ್ಬರು, ಆ ಬದುಕಿನಲ್ಲಿ ಇದ್ದವರು ಹಲವರು. ದೊಡ್ಡವರಿಗೂ ಈ ತೊಡಕು ತಪ್ಪಿಲ್ಲ. ಗಾಂಧೀಜಿಯವರ ಆತ್ಮಕಥೆ 1925ರಿಂದ ‘ನವಜೀವನ’ ವಾರಪತ್ರಿಕೆಯಲ್ಲಿ ಕಂತುಗಳಾಗಿ ಬಂತು. ಮಾಂಸ ತಿನ್ನಲು ಕಲಿಸಿದ ಗೆಳೆಯನ ಕಥೆಯನ್ನು ಅವರು ವಿವರವಾಗಿಯೇ ಹೇಳಿದರು. ಅವನ ಹೆಸರನ್ನು ಮಾತ್ರ ಬರೆಯಲಿಲ್ಲ. ಆದರೆ ತಂದೆ ಕೊನೆಯುಸಿರೆಳೆದಾಗ ತಾನು ಹೆಂಡತಿಯ ಬಳಿ ಇದ್ದೆನೆಂದು ಬರೆದರಲ್ಲ, ಆ ಹೆಂಡತಿ ಯಾರೆಂದು ದೇಶಕ್ಕೆಲ್ಲ ಗೊತ್ತಿತ್ತು. ಕಸ್ತೂರಬಾ ಆಗ ಬದುಕಿದ್ದರು. ಗೆಳೆಯನಿಗೆ ಸಿಕ್ಕ ಮರೆ ಅವರಿಗೆ ಸಿಗಲಿಲ್ಲ.

ನಮ್ಮಲ್ಲಿ ಪಿ. ಲಂಕೇಶ್ ‘ಹುಳಿಮಾವಿನ ಮರ’ ಬರೆದರು. ಅವರು ತೀರಿಕೊಂಡ ಮೇಲೆ ಇಂದಿರಾ ಲಂಕೇಶ್ ‘ಹುಳಿಮಾವು ಮತ್ತು ನಾನು’ ಬರೆದರು. ಒಂದೇ ಸಂಸಾರ, ಎರಡು ಪುಸ್ತಕ. ಎಲ್ಲರ ಹೆಂಡತಿಗೂ, ಎಲ್ಲರ ತಮ್ಮನಿಗೂ ಇಂಥ ಅವಕಾಶ ಇರುವುದಿಲ್ಲ. ಉತ್ತರ ಬರೆಯಲಾರದವರ ಬಗ್ಗೆ ಬರೆಯುವಾಗ ಪೆನ್ನು ಇನ್ನಷ್ಟು ಹಿಡಿತದಲ್ಲಿರಬೇಕು.

ಕಾನೂನೂ ಈ ಬಗ್ಗೆ ಯೋಚಿಸಿದೆ. 1994ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದದ್ದು ಒಂದು ಆತ್ಮಕಥೆಯೇ. ಗಲ್ಲುಶಿಕ್ಷೆಯಾಗಿದ್ದ ಆಟೋ ಶಂಕರ್ ಜೈಲಿನಲ್ಲಿ ಬರೆದನೆನ್ನಲಾದ ಕಥೆಯನ್ನು ತಮಿಳಿನ ‘ನಕ್ಕೀರನ್’ ಪತ್ರಿಕೆ ಅಚ್ಚು ಹಾಕಲು ಹೊರಟಿತ್ತು. ಅದನ್ನು ಮೊದಲೇ ತಡೆಯುವ ಅಧಿಕಾರ ಸರ್ಕಾರಕ್ಕಿಲ್ಲ ಎಂದಿತು ನ್ಯಾಯಾಲಯ. ಜೊತೆಗೇ, ಒಬ್ಬರ ಸಂಸಾರ, ಮದುವೆ, ತಾಯ್ತನದಂಥ ವಿಷಯಗಳನ್ನು ಅವರ ಒಪ್ಪಿಗೆಯಿಲ್ಲದೆ ಪ್ರಕಟಿಸಬಾರದು, ಬರೆದದ್ದು ನಿಜವಾಗಿದ್ದರೂ, ಹೊಗಳಿಕೆಯೇ ಆಗಿದ್ದರೂ ಕೂಡದು ಎಂದಿತು. ಸಾರ್ವಜನಿಕ ದಾಖಲೆಯಲ್ಲಿರುವ ಸಂಗತಿಗಳಿಗೆ ಈ ಕಟ್ಟಿಲ್ಲ. ಖಾಸಗಿತನ ಮೂಲಭೂತ ಹಕ್ಕೆಂದು 2017ರಲ್ಲಿ 9 ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ಆ ಮೊಕದ್ದಮೆ ಹೂಡಿದ ಕೆ.ಎಸ್. ಪುಟ್ಟಸ್ವಾಮಿಯವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಯಾಗಿದ್ದರು. ಇನ್ನು ಸತ್ತವರು ಎದ್ದು ಬಂದು ಕೇಳುತ್ತಾರೆಯೇ ಎನ್ನುವಂತೆಯೂ ಇಲ್ಲ. ಮನೆಯವರನ್ನು ನೋಯಿಸಬೇಕೆಂದೇ ಸತ್ತವರ ಹೆಸರು ಕೆಡಿಸಿದರೆ ಅದೂ ಮಾನಹಾನಿಯಾಗಬಹುದು. ಹಳೆಯ ದಂಡಸಂಹಿತೆಯಲ್ಲಿದ್ದ ಈ ಮಾತು 2024ರಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಉಳಿದಿದೆ.

ಹಾಗಾದರೆ ಎಲ್ಲವನ್ನೂ ನುಂಗಿಕೊಂಡು ಸುಮ್ಮನಿರಬೇಕೇ? ಖಂಡಿತ ಬೇಡ. ಡಾ. ವಿಜಯಾ ಅವರು ‘ಕುದಿ ಎಸರು’ವಿನಲ್ಲಿ ದಾಂಪತ್ಯದಲ್ಲಿ ತಾವುಂಡ ನೋವನ್ನು ಮುಚ್ಚಿಡಲಿಲ್ಲ. ಅದಕ್ಕೆ 2019ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ‘ಮನೆ ಮರ್ಯಾದೆ’ ಎಂಬ ಮಾತು ಎಷ್ಟೋ ಸಲ ಹೊಡೆದವನನ್ನು ಕಾಯುತ್ತದೆಯೇ ಹೊರತು ಹೊಡೆತ ತಿಂದವಳನ್ನಲ್ಲ. ಅಂಥ ಮರ್ಯಾದೆ ಬೇರೆ, ಒಬ್ಬರ ಖಾಸಗಿ ಬದುಕು ಬೇರೆ. ಇವೆರಡನ್ನೂ ಕಲೆಸಿದರೆ ಬಾಯಿ ಮುಚ್ಚಬೇಕಾಗಿ ಬರುವುದು ಸದಾ ಮನೆಯ ದುರ್ಬಲರಿಗೇ.

ನನಗೆ ತೋಚುವ ಗೆರೆ ಇಷ್ಟೇ: ನನಗೆ ಆದದ್ದು ನನ್ನದು, ನನ್ನನ್ನು ನಂಬಿ ಹೇಳಿದ್ದು ನನ್ನದಲ್ಲ. ಅಣ್ಣ ನನ್ನ ಪಾಲಿನ ಜಮೀನು ಕೊಡದಿದ್ದರೆ ಅದು ನನ್ನ ಕಥೆ. ಅತ್ತಿಗೆ ಅಡುಗೆಮನೆಯಲ್ಲಿ ಕಣ್ಣೀರಿಟ್ಟು ಹೇಳಿಕೊಂಡದ್ದು ಅವರ ಕಥೆ. ಅದನ್ನು ಬರೆಯಲೇಬೇಕೆನಿಸಿದರೆ ಅಚ್ಚಿಗೆ ಮುಂಚೆ ಆ ಪುಟವನ್ನು ಅವರಿಗೆ ಓದಿ ಹೇಳಬೇಕು. ಬೇಡವೆಂದರೆ ಬಿಡಬೇಕು.

ಹೆಸರು ಬದಲಿಸಿದರಾಯಿತು ಎನ್ನುವವರುಂಟು. ನಮ್ಮ ಊರುಗಳಲ್ಲಿ ಅದು ನಡೆಯುವುದಿಲ್ಲ. ‘ದೊಡ್ಡತ್ತೆಯ ಎರಡನೇ ಮಗಳು, ಟೀಚರಾಗಿದ್ದವಳು’ ಎಂದರೆ ಮುಗಿಯಿತು, ಹೆಸರು ಯಾರಿಗೆ ಬೇಕು? ಅದಕ್ಕಿಂತ ಮೊದಲ ಸಲ ಎಲ್ಲವನ್ನೂ ಬರೆದುಬಿಡಿ, ಮನಸ್ಸು ಹಗುರಾಗುತ್ತದೆ. ಆರು ತಿಂಗಳು ಬಿಟ್ಟು ಕೆಂಪು ಪೆನ್ನು ಹಿಡಿದು ಕೂತು, ಈ ಸಂಗತಿ ಇಲ್ಲದಿದ್ದರೆ ನನ್ನ ಕಥೆ ಕುಂಟುತ್ತದೆಯೇ ಎಂದು ಕೇಳಿಕೊಳ್ಳಿ. ಕುಂಟದಿದ್ದರೆ ತೆಗೆದುಹಾಕಿ.

ಪುಸ್ತಕ ಯಾರನ್ನೂ ನೋಯಿಸಬಾರದೆಂದೇನೂ ಇಲ್ಲ. ತಪ್ಪು ಮಾಡಿದವರಿಗೆ ನೋವಾದರೆ ಆಗಲಿ. ಆದರೆ ಗೌರಿ ಹಬ್ಬಕ್ಕೆ ತಪ್ಪದೆ ಬರುವ ತಂಗಿ, ಅದನ್ನು ಓದಿದ ಮೇಲೂ ನಿಮ್ಮ ಮನೆಗೆ ಬರುವಂತಿರಲಿ.