ಕಪಿಲೆಯ ದಂಡೆಯಲ್ಲೊಂದು ಮನೆ

ನೌಕರಿಯಿಂದ ನಿವೃತ್ತರಾದವರು ಎಲ್ಲಿ ನೆಲೆಸಬೇಕೆಂಬ ಪ್ರಶ್ನೆಗೆ ನಮ್ಮವರು ಬಹುಕಾಲದಿಂದ ಕೊಡುತ್ತ ಬಂದಿರುವ ಉತ್ತರ ಸರಳವಾದದ್ದು. ಮೈಸೂರಿನಲ್ಲಿ ಒಂದು ಮನೆ, ಮನೆಯ ಮುಂದೊಂದು ಮಲ್ಲಿಗೆಯ ಚಪ್ಪರ, ಬೆಳಗಿನ ನಡಿಗೆಗೆ ಕುಕ್ಕರಹಳ್ಳಿ ಕೆರೆಯ ಏರಿ, ಸಂಜೆಗೆ ಸಂಗೀತವೋ ಹರಿಕಥೆಯೋ. ಆದರೆ ನನ್ನ ಸೋದರಮಾವನವರಿಗೆ ಈ ಉತ್ತರ ರುಚಿಸಲಿಲ್ಲ. ಏಕೆಂದರೆ ಅವರದು ಬೇಟೆಗಾರರ ಮನೆತನ.

ಹಾಗೆಂದು ಅವರು ಹುಲಿ ಹೊಡೆದವರೆಂದು ವಾಚಕರು ಭಾವಿಸಬಾರದು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಾಗ ಅವರು ಏಳು ವರ್ಷದ ಬಾಲಕ. ತಾತನ ಕೋವಿ ಸರ್ಕಾರದ ವಶಕ್ಕೆ ಹೋಗಿ ಎಷ್ಟೋ ಕಾಲವಾಯಿತು. ಅದನ್ನು ಒರಗಿಸುತ್ತಿದ್ದ ಎರಡು ಗೂಟಗಳು ಮಾತ್ರ ಗೋಡೆಯಲ್ಲಿ ಉಳಿದಿವೆ. ಈಗ ಅವುಗಳ ಮೇಲೆ ಮಾವನವರ ಗಾಳವೂ ದುರ್ಬೀನೂ ತೂಗುತ್ತವೆ. ಕೊಲ್ಲುವ ಆಸೆ ಹೋದರೂ ಕಾಡಿನ ಆಸೆ ಹೋಗಲಿಲ್ಲ.

ಅವರು ಎರಡು ಮನೆಗಳನ್ನು ನೋಡಿಟ್ಟಿದ್ದರು. ಒಂದು ನಂಜನಗೂಡಿನಲ್ಲಿ, ಇನ್ನೊಂದು ತಿರುಮಕೂಡಲು ನರಸೀಪುರದಲ್ಲಿ. ಅತ್ತೆಯವರು ಎರಡಕ್ಕೂ ಒಪ್ಪದೆ, "ಏನಪ್ಪ, ನೀನು ಓದಿದವನು, ನೀನೇ ಬಂದು ತೀರ್ಮಾನ ಹೇಳು" ಎಂದು ನನ್ನನ್ನು ಪಂಚಾಯಿತಿಗೆ ಎಳೆದರು. ಹಳಗನ್ನಡ ಕಾವ್ಯ ಓದಿದವನಿಗೂ ಮನೆಯ ವ್ಯವಹಾರಕ್ಕೂ ಏನು ಸಂಬಂಧವೆಂದು ನಾನು ಕೇಳಲಿಲ್ಲ. ಒಂದು ಭಾನುವಾರ ಮೂವರೂ ಹೊರಟೆವು.

ಮೊದಲು ನಂಜನಗೂಡು. ಮೈಸೂರಿಗೆ ಇಪ್ಪತ್ತೈದು ಕಿಲೋಮೀಟರಿನ ಒಳಗಿನ ಊರು, ರೈಲುಂಟು, ಬಸ್ಸುಂಟು. ವಿಷವನ್ನುಂಡ ನಂಜುಂಡನ ಸನ್ನಿಧಿ. ಟಿಪ್ಪುವಿನ ಆನೆಯ ಕಣ್ಣಿನ ಬೇನೆಯನ್ನು ಕಳೆದು 'ಹಕೀಮ ನಂಜುಂಡ' ಎನಿಸಿಕೊಂಡನೆಂಬ ಪ್ರತೀತಿಯೂ ಈ ದೇವರಿಗಿದೆ. ಮೃಗಗಳನ್ನು ಪ್ರೀತಿಸುವವನಿಗೆ ಇದಕ್ಕಿಂತ ತಕ್ಕ ದೇವರು ಯಾರು? ಗುಂಡ್ಲುಪೇಟೆಯ ಮಾರ್ಗದಲ್ಲಿ ಮುಂದೆ ಸಾಗಿದರೆ ಬಂಡೀಪುರ. 1973ರಲ್ಲಿ ಹುಲಿ ಯೋಜನೆ ಆರಂಭವಾದಾಗ ದೇಶದಲ್ಲಿ ಆರಿಸಿದ ಮೊದಲ ಒಂಬತ್ತು ಕಾಡುಗಳಲ್ಲಿ ಅದೂ ಒಂದು.

ಮಾವನವರು ಹೊಳೆಯ ಸೋಪಾನದ ಮೇಲೆ ನಿಂತು ಇನ್ನೊಂದು ಕಥೆ ತೆಗೆದರು. ಮೈಸೂರಿನಲ್ಲಿ ಮಹಾರಾಜರು ಹೊಡೆದ ಹುಲಿಗಳನ್ನು ಜೀವ ಬಂದಂತೆ ನಿಲ್ಲಿಸುತ್ತಿದ್ದ ವ್ಯಾನ್ ಇಂಗನ್ ಮನೆತನವಿತ್ತಷ್ಟೆ. ಆ ಮನೆಯವರೊಬ್ಬರು 1946ರಲ್ಲಿ ಇದೇ ಕಬಿನಿಯಲ್ಲಿ 120 ಪೌಂಡು ತೂಕದ ಮಹಶೀರ್ ಮೀನನ್ನು ಗಾಳದಲ್ಲಿ ಹಿಡಿದರು. ನೂರಿಪ್ಪತ್ತು ಪೌಂಡೆಂದರೆ ಐವತ್ತನಾಲ್ಕು ಕಿಲೋ! ಆದರೆ ಕಾವೇರಿಯ ಬಳಗದ ನದಿಗಳಿಗೆ ಮೀಸಲಾದ ಆ ಡುಬ್ಬಿನ ಮಹಶೀರ್ ಈಗ ಅಳಿವಿನ ಅಂಚಿನಲ್ಲಿದೆಯೆಂದು 2018ರಲ್ಲಿ ತಜ್ಞರು ಘೋಷಿಸಿದ್ದಾರೆ. "ಗಾಳ ಹಾಕುವವನಿಗೆ ಮೀನು ಬೇಡವಯ್ಯಾ, ನೀರಿದ್ದರೆ ಸಾಕು" ಎಂದರು ಮಾವ.

"ನೀರಿಗೇನು ಬರ?" ಎಂದರು ಅತ್ತೆ. 2019ರ ಆಗಸ್ಟಿನಲ್ಲಿ ಕಬಿನಿಯ ಜಲಾಶಯದಿಂದ ಬಿಟ್ಟ ನೀರು ಊರಿನ ತಗ್ಗಿನ ಬೀದಿಗಳಿಗೆ ನುಗ್ಗಿ, ಮೈಸೂರಿನ ಹೆದ್ದಾರಿಯನ್ನೇ ಮುಚ್ಚಿದ್ದನ್ನು ಅವರು ಮರೆತಿರಲಿಲ್ಲ. ನಾವು ನೋಡಲು ಹೋದ ಮನೆ ಹೊಳೆಗೆ ತೀರ ಸಮೀಪವಿತ್ತು. ಮಾವನವರ ಮುಖ ಸಪ್ಪಗಾಯಿತು.

ಮಧ್ಯಾಹ್ನಕ್ಕೆ ನರಸೀಪುರ ತಲುಪಿದೆವು. ಕಪಿಲೆ ಕಾವೇರಿಯನ್ನು ಕೂಡುವ ತಾಣ. ಗುಂಜಾ ನರಸಿಂಹನ ಗುಡಿ. ಅದೇ ತಾಲ್ಲೂಕಿನಲ್ಲಿ ತಲಕಾಡಿನ ಮರಳು, ಸೋಮನಾಥಪುರದ ಶಿಲ್ಪ. ಮನೆ ಊರ ಹೊರಗೆ, ಹಿತ್ತಲ ಬೇಲಿಯಾಚೆ ಆಳೆತ್ತರದ ಕಬ್ಬು. ಬೆಲೆ ನಂಜನಗೂಡಿಗಿಂತ ಕಡಿಮೆ. ಮಾವನವರು ದುರ್ಬೀನು ತೆಗೆದು ಉತ್ಸಾಹದಿಂದ, "ಇಲ್ಲಿ ಚಿರತೆ ಓಡಾಡುತ್ತದಂತೆ!" ಎಂದರು.

ಪಕ್ಕದ ಹೊಲದಲ್ಲಿ ಹುಲ್ಲು ಕೊಯ್ಯುತ್ತಿದ್ದ ಹೆಂಗಸೊಬ್ಬಳು ತಲೆಯೆತ್ತಿ, "ಚಿರತೆ ನೋಡೋಕೆ ಬಂದ್ರಾ ಸ್ವಾಮಿ? ಅದು ಕಣ್ಣಿಗೆ ಬೀಳದೇ ಇರ್ಲಿ ಅಂತ ನಾವು ದಿನಾ ದೇವರಿಗೆ ಕೈಮುಗೀತೀವಿ" ಎಂದಳು.

ನಾವು ಮೂವರೂ ತಲೆ ತಗ್ಗಿಸಿದೆವು. 2022ರ ಅಕ್ಟೋಬರಿನ ಕೊನೆಯಿಂದ 2023ರ ಜನವರಿಯ ಒಳಗೆ ಈ ತಾಲ್ಲೂಕಿನಲ್ಲಿ ನಾಲ್ವರು ಚಿರತೆಯ ಬಾಯಿಗೆ ಬಲಿಯಾದರು. ಅವರಲ್ಲಿ ಇಬ್ಬರು ಕಾಲೇಜಿನಲ್ಲಿ ಓದುತ್ತಿದ್ದ ಮಕ್ಕಳು, ಒಬ್ಬಳು ಮುದುಕಿ, ಒಬ್ಬ ಹನ್ನೊಂದು ವರ್ಷದ ಹುಡುಗ. ಕಬ್ಬಿನ ಗದ್ದೆ ಚಿರತೆಗೆ ಕಾಡಿನಷ್ಟೇ ಮರೆ. ಊರಿನ ನಾಯಿ, ಕುರಿ, ಕರುಗಳು ಅದಕ್ಕೆ ಆಹಾರ. ನನ್ನ ತರಗತಿಯಲ್ಲಿಯೂ ಕಬ್ಬಿನ ಗದ್ದೆಯ ಬದುವಿನ ಮೇಲೆ ನಡೆದು ಬಂದು ಬಸ್ಸು ಹಿಡಿಯುವ ವಿದ್ಯಾರ್ಥಿಗಳಿದ್ದಾರೆ. ಆ ಚಳಿಗಾಲದಲ್ಲಿ ಸಂಜೆಯ ಪಾಠ ಮುಗಿಯುವ ಮುನ್ನವೇ ಅವರ ಕಣ್ಣು ಕಿಟಕಿಯ ಕಡೆ ತಿರುಗುತ್ತಿದ್ದುದನ್ನು ನಾನು ಬಲ್ಲೆ.

ನಮ್ಮ ಪುರಾಣಗಳಲ್ಲಿ ಬೇಟೆ ಯಾರಿಗೂ ಸುಖ ತಂದದ್ದಿಲ್ಲ. ದಶರಥ ಶ್ರವಣಕುಮಾರನನ್ನು ಕೊಂದ. ಪಾಂಡು ಜಿಂಕೆಯೆಂದು ಮುನಿಗೆ ಬಾಣ ಬಿಟ್ಟ. ರಾಘವಾಂಕನ ಹರಿಶ್ಚಂದ್ರ ಬೇಟೆಗೆ ಹೋಗಿಯೇ ವಿಶ್ವಾಮಿತ್ರನ ಬಲೆಗೆ ಸಿಕ್ಕ. ಬೇಟೆಗಾರನಿಗೆ ಕಾಣುವುದು ಮೃಗವೊಂದೇ. ಪೊದೆಯ ಹಿಂದಿನ ಮನುಷ್ಯ ಕಾಣುವುದಿಲ್ಲ. ಕೋವಿಯ ಜಾಗದಲ್ಲಿ ದುರ್ಬೀನು ಬಂದ ಮಾತ್ರಕ್ಕೆ ಈ ದೋಷ ಹೋದೀತೆ? ನಮಗೆ ವಿನೋದವಾದದ್ದು ಆ ಹೆಂಗಸಿಗೆ ನಿತ್ಯದ ಭಯ.

ಹಿಂದಿರುಗುವಾಗ ಮಾವನವರು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ ಮೆಲ್ಲಗೆ, "ಕರ್ನಲ್ ವೇಕ್‌ಫೀಲ್ಡರು ಕಾರಾಪುರದಲ್ಲಿ ಕಾಡಿನ ಮಗ್ಗುಲಲ್ಲೇ ಬಾಳಿದರಲ್ಲ" ಎಂದರು. ನಿಜ. ಯೌವನದಲ್ಲಿ ಬೇಟೆಯಾಡಿದ ಆ ಮಹನೀಯರು ಕೋವಿಯನ್ನು ಬಿಟ್ಟು, ಕಬಿನಿಯ ತೀರದ ಸರ್ಕಾರಿ ವನ್ಯಧಾಮದ ವಸತಿಗೃಹವನ್ನು ಕಟ್ಟಿ ಬೆಳೆಸಿ, 2010ರಲ್ಲಿ ತೊಂಬತ್ತು ದಾಟಿದ ಮೇಲೆ ತೀರಿಕೊಂಡರು. ಹಿಂದೆ ಆನೆಗಳನ್ನು ಖೆಡ್ಡಾದಲ್ಲಿ ಕೆಡವುತ್ತಿದ್ದ ಕಾಕನಕೋಟೆಯ ಪ್ರದೇಶವದು. 1971ರ ಖೆಡ್ಡಾವೇ ಕೊನೆಯದು. ಅದಕ್ಕೆ ಅತ್ತೆಯವರು, "ಅವರಿಗೆ ಕಾಫಿ ಕೊಡಲು ಆಳುಗಳಿದ್ದರು. ನಿಮಗೆ ಎದೆ ನೋವು ಬಂದರೆ ನಡುರಾತ್ರಿ ಆನೆಯ ಮೇಲೆ ಆಸ್ಪತ್ರೆಗೆ ಕರೆದೊಯ್ಯಲೇ?" ಎಂದರು. ಎರಡು ವರ್ಷದ ಹಿಂದೆ ಮಾವನವರಿಗೆ ಒಮ್ಮೆ ಎದೆ ನೋವು ಬಂದಿತ್ತು. ಮಾತು ನಗೆಯದಾದರೂ ಅತ್ತೆಯವರು ನಗಲಿಲ್ಲ.

ಆಗ ನಾನು ನನ್ನ ತೀರ್ಪನ್ನು ಹೇಳಿದೆ. ಬಯಲ ಬದುಕಿನ ಪ್ರೇಮಿಗೆ ಕಾಡು ಮನೆಯ ಹಿತ್ತಲಲ್ಲಿರಬೇಕಾಗಿಲ್ಲ. ಬೆಳಿಗ್ಗೆ ಹೋಗಿ ಕತ್ತಲಾಗುವ ಮುನ್ನ ಹಿಂದಿರುಗುವಷ್ಟು ದೂರದಲ್ಲಿರಬೇಕು. ಅರುವತ್ತರಲ್ಲಿ ಆರಿಸುವ ಮನೆ ಎಂಬತ್ತಕ್ಕೂ ಒದಗಬೇಕು. ಆದ್ದರಿಂದ ಮನೆ ನಂಜನಗೂಡಿನಲ್ಲೇ ಇರಲಿ, ಆದರೆ ಹೊಳೆಯ ದಂಡೆಯಲ್ಲಿ ಬೇಡ, ಎತ್ತರದ ಬೀದಿಯಲ್ಲಿರಲಿ. ಮನೆ ಕೊಳ್ಳುವ ಮುನ್ನ ಊರನ್ನು ಮಳೆಗಾಲದಲ್ಲೊಮ್ಮೆ, ರಾತ್ರಿಯಲ್ಲೊಮ್ಮೆ ನೋಡಬೇಕು. ದಲ್ಲಾಳಿಯನ್ನಲ್ಲ, ನೆರೆಯವರನ್ನು ಕೇಳಬೇಕು.

ತೀರ್ಪು ಅಂಗೀಕೃತವಾಯಿತು. ಕಳೆದ ಚಳಿಗಾಲದಲ್ಲಿ ಮಾವನವರು ನಮ್ಮನ್ನು ಹದಿನಾರು ಕೆರೆಗೆ ಕರೆದೊಯ್ದರು. ಮಂಗೋಲಿಯದ ಕಡೆಯಿಂದ ಹಿಮಾಲಯವನ್ನು ದಾಟಿ ಬಂದ ಪಟ್ಟೆತಲೆಯ ಹೆಬ್ಬಾತುಗಳು ನೀರಿನ ಮೇಲೆ ತೇಲುತ್ತಿದ್ದವು. ಮಾವನವರು ಎಣಿಸುತ್ತ ಎಣಿಸುತ್ತ ಲೆಕ್ಕ ತಪ್ಪಿದರು. ಅತ್ತೆಯವರು ದುರ್ಬೀನನ್ನು ಕಸಿದುಕೊಂಡು, "ನೀವು ಸುಮ್ಮನಿರಿ, ನಾನು ಎಣಿಸುತ್ತೇನೆ" ಎಂದರು. ಬಿಸಿಲು ಏರುವವರೆಗೂ ಅವರು ಅದನ್ನು ಹಿಂದಕ್ಕೆ ಕೊಡಲಿಲ್ಲ.