ಇದು ಹೊಟ್ಟೆ ತುಂಬಿದವರ ರೋಗ ಅಲ್ಲ

"ಉಣ್ಣಾಕ ಇಲ್ದಾಗ ಈ ರೋಗ ಎಲ್ಲಿತ್ತು?" ರಾಣೆಬೆನ್ನೂರು, ಬ್ಯಾಡಗಿ ಸುತ್ತಲಿನ ಹಳ್ಳಿಗಳಲ್ಲಿ ಊಟ ಬಿಟ್ಟ ಹುಡುಗಿಯರ ಮಾತು ತೆಗೆದರೆ ಹಿರಿಯರಿಂದ ಬರುವ ಮೊದಲ ಉತ್ತರ ಇದು. ಗಾಳಿ ಸೋಕಿದೆ, ತಾಯತ ಕಟ್ಟಿಸಿ ಅನ್ನುವವರೂ ಇದ್ದಾರೆ. ಲಗ್ನ ಮಾಡಿದರೆ ಎಲ್ಲಾ ಸರಿ ಹೋಗ್ತದ ಅನ್ನುವವರಂತೂ ಓಣಿಗೊಬ್ಬರು. ಇದ್ಯಾವುದನ್ನೂ ನಾವು ಒಪ್ಪುವುದಿಲ್ಲ.

ಇದು ಉಪವಾಸ ಅಲ್ಲ. ಶ್ರಾವಣ ಸೋಮವಾರ ಒಪ್ಪತ್ತು ಮಾಡುವವರು ಸಂಜೆ ಖುಷಿಯಿಂದ ಉಣ್ಣುತ್ತಾರೆ. ಈ ಕಾಯಿಲೆ ಬಂದ ಹುಡುಗಿ ತಟ್ಟೆ ಕಂಡರೇ ಹೆದರುತ್ತಾಳೆ. ರೊಟ್ಟಿ ಮುರಿದು ಮುರಿದು ಅಂಚಿಗೆ ಇಡುತ್ತಾಳೆ, "ಗೆಳತಿ ಮನ್ಯಾಗ ಉಂಡು ಬಂದೇನಿ" ಅನ್ನುತ್ತಾಳೆ. ಇನ್ನು ಕೆಲವರು ಯಾರೂ ಇಲ್ಲದಾಗ ಕೈಗೆ ಸಿಕ್ಕಷ್ಟು ತಿಂದು, ಆಮೇಲೆ ಹಿತ್ತಲಿಗೆ ಹೋಗಿ ವಾಂತಿ ಮಾಡಿಕೊಳ್ಳುತ್ತಾರೆ. ಎಲುಬು ಎದ್ದು ಕಾಣುತ್ತಿದ್ದರೂ ಕನ್ನಡಿಯಲ್ಲಿ ತಾನು ದಪ್ಪ ಅಂತಲೇ ಕಾಣುತ್ತದೆ. ಮುಟ್ಟು ನಿಲ್ಲುತ್ತದೆ, ಕೂದಲು ಉದುರುತ್ತದೆ, ಎದ್ದು ನಿಂತರೆ ಕಣ್ಣು ಕತ್ತಲೆ ಬರುತ್ತದೆ. ಪದೇ ಪದೇ ವಾಂತಿಯಾದರೆ ಮೈಯಲ್ಲಿ ಪೊಟ್ಯಾಸಿಯಂ ಇಳಿದು ಎದೆಬಡಿತವೇ ತಪ್ಪಬಹುದು. ಜೀವ ಹೋಗುವ ಕಾಯಿಲೆ ಇದು. ಮೈ ತುಂಬಿಕೊಂಡವರಿಗೂ ಬರುತ್ತದೆ, ಹಾಗಾಗಿ ಬರೀ ನೋಡಿ ಹೇಳಲು ಆಗುವುದಿಲ್ಲ.

ಪೇಟೆಯವರ ಕಾಯಿಲೆ, ಫಾರಿನ್‌ನವರ ಕಾಯಿಲೆ ಅನ್ನುವವರಿಗೆ ಫಿಜಿ ದ್ವೀಪದ ಕಥೆ ಹೇಳಬೇಕು. ಅಲ್ಲಿ ಮೈ ತುಂಬಿಕೊಂಡಿರುವುದೇ ಚಂದ, ಬಂದವರಿಗೆ ಹೊಟ್ಟೆ ತುಂಬ ಬಡಿಸುವುದೇ ಮರ್ಯಾದೆ, ಥೇಟ್ ನಮ್ಮ ಕಡೆಯ ಹಾಗೆ. 1995ರಲ್ಲಿ ಆ ಭಾಗಕ್ಕೆ ಟಿ.ವಿ. ಬಂತು. ಆಗಷ್ಟೇ ಸಂಶೋಧಕಿ ಆನ್ ಬೆಕರ್ ಮತ್ತು ಜೊತೆಗಾರರು ಶಾಲೆಯ ಹುಡುಗಿಯರನ್ನು ಕೇಳಿದಾಗ, ತೂಕ ಇಳಿಸಲು ವಾಂತಿ ಮಾಡಿಕೊಳ್ಳುತ್ತೇನೆ ಅಂದವರು ಒಬ್ಬರೂ ಇರಲಿಲ್ಲ. 1998ರಲ್ಲಿ ಮತ್ತೆ ಕೇಳಿದರೆ ನೂರಕ್ಕೆ 11 ಮಂದಿ ಹೌದು ಅಂದರು. ಮೂರು ವರ್ಷ, ಅದೂ ಬರೀ ಟಿ.ವಿ.! ನಮ್ಮ ಹುಡುಗಿಯರ ಕೈಯಲ್ಲಿ ಇಪ್ಪತ್ತನಾಲ್ಕು ತಾಸೂ ರೀಲ್ಸ್ ಇದೆ, ಮುಖ ಸಣ್ಣಗೆ ಮಾಡುವ ಫಿಲ್ಟರ್ ಇದೆ.

ಹಾಗಂತ ಎಲ್ಲವನ್ನೂ ಫೋನಿನ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳುವ ಹಾಗಿಲ್ಲ. "ಹುಡುಗಿ ಸ್ವಲ್ಪ ದಪ್ಪ ಆತು" ಅನ್ನುವವರು ಫೋನಿನೊಳಗಿಂದ ಬಂದವರಲ್ಲ, ಕನ್ಯೆ ನೋಡಲು ಬಂದವರು. (ಅವಲಕ್ಕಿ ತಟ್ಟೆ ಖಾಲಿ ಮಾಡಿಯೇ ಏಳುತ್ತಾರೆ, ಅದು ಬೇರೆ ಮಾತು.) ಕ್ಲಾಸಿನಲ್ಲಿ ಎಲ್ಲರೆದುರು "ಡುಮ್ಮಿ" ಅನ್ನುವ ಮಾಸ್ತರರು, ಜಾತ್ರೆಯಲ್ಲಿ ಸಿಕ್ಕ ಕೂಡಲೇ ಮೈ ಅಳೆಯುವ ಅತ್ತೆ, ಚಿಗವ್ವ ಯಾರಿಗೂ ಹೊಸಬರಲ್ಲ. ಪೊಲೀಸ್, ಸೈನ್ಯದ ಭರ್ತಿಗೆ ಓಡುವ ಹುಡುಗರನ್ನೂ ಎದೆ, ತೋಳು ಅಳೆದೇ ಮಾತಾಡಿಸುತ್ತೇವೆ. 2022ರ ಮೇ ತಿಂಗಳಲ್ಲಿ 21 ವರ್ಷದ ಕಿರುತೆರೆ ನಟಿ ಚೇತನಾ ರಾಜ್ ಬೆಂಗಳೂರಿನಲ್ಲಿ ಬೊಜ್ಜು ತೆಗೆಸುವ ಶಸ್ತ್ರಚಿಕಿತ್ಸೆಯ ನಂತರ ತೀರಿಕೊಂಡರು. ತಪ್ಪು ಆಸ್ಪತ್ರೆಯದೋ ಅಲ್ಲವೋ ಎಂದು ಕಟ್ಟೆಯ ಮೇಲೆ ಕೂತವರೂ ವಾದ ಮಾಡಿದರು. ಆ ವಯಸ್ಸಿನ ಹುಡುಗಿಯರಿಗೆ ಇದ್ದ ಮೈ ಸಾಲದು ಅಂತ ಯಾರು ಕಲಿಸುತ್ತಿದ್ದಾರೆ ಅನ್ನುವ ಪ್ರಶ್ನೆ ಮಾತ್ರ ಕಟ್ಟೆ ಹತ್ತಲಿಲ್ಲ.

ಇನ್ನು ಆಸ್ಪತ್ರೆ. ಹುಡುಗಿ ತೆಳ್ಳಗಾದರೆ ರಕ್ತ ಕಡಿಮೆ ಅಂತ ಕಬ್ಬಿಣಾಂಶದ ಮಾತ್ರೆ, ಒಂದು ಟಾನಿಕ್. ನಮ್ಮ ಕಡೆ ರಕ್ತಹೀನತೆ ನಿಜಕ್ಕೂ ಇದೆ, ಮಾತ್ರೆ ಬೇಡ ಅನ್ನುತ್ತಿಲ್ಲ. ಆದರೆ ಯಾಕೆ ಉಣ್ಣುತ್ತಿಲ್ಲ ಅಂತ ಅವಳನ್ನು ಒಬ್ಬಳನ್ನೇ ಕೂರಿಸಿ ಕೇಳಬೇಕಲ್ಲ? 1999ರಲ್ಲಿ ಲಂಡನ್ನಿನ ವೈದ್ಯರು ಇದಕ್ಕೆಂದೇ ಐದು ಸರಳ ಪ್ರಶ್ನೆ ಮಾಡಿಟ್ಟಿದ್ದಾರೆ. ಹೊಟ್ಟೆ ಬಿರಿಯುವಷ್ಟು ತುಂಬಿತು ಅನ್ನಿಸಿ ನೀನಾಗಿಯೇ ವಾಂತಿ ಮಾಡಿಕೊಳ್ಳುತ್ತೀಯಾ? ತಿನ್ನುವುದು ಕೈಮೀರಿದೆ ಅಂತ ಚಿಂತೆ ಆಗುತ್ತದಾ? ಮೂರು ತಿಂಗಳಲ್ಲಿ ಆರು ಕಿಲೋ ಮೇಲೆ ಇಳಿದಿದ್ದೀಯಾ? ಬೇರೆಯವರು ತೆಳ್ಳಗಿದ್ದೀ ಅಂದರೂ ನಿನಗೆ ದಪ್ಪ ಅನ್ನಿಸುತ್ತದಾ? ದಿನವಿಡೀ ಊಟದ ಯೋಚನೆಯೇ ತಲೆ ತಿನ್ನುತ್ತದಾ? ಎರಡಕ್ಕೆ ಹೌದು ಅಂದರೆ ಕಾಯಿಲೆ ಇರಬಹುದು, ಮುಂದಿನ ತಪಾಸಣೆ ಆಗಲೇಬೇಕು. ಇದಕ್ಕೆ ಮಷಿನ್ ಬೇಡ, ಎರಡು ನಿಮಿಷ ಸಾಕು. ಹದಿಹರೆಯದವರಿಗಾಗಿ ಇರುವ ಸ್ನೇಹ ಕ್ಲಿನಿಕ್‌ಗಳಲ್ಲಿ ಇದನ್ನು ಕೇಳಲು ಏನು ಅಡ್ಡಿ?

"ಬರೀ ಮಾತಾಡಿದ್ರ ರೋಗ ಹೋಗ್ತದೇನು?" ಹೋಗುತ್ತದೆ, ಆದರೆ ಸುಮ್ಮನೆ ಮಾತಲ್ಲ. ಚಿಕ್ಕ ವಯಸ್ಸಿನವರಿಗೆ ಕೊಡುವ ಒಂದು ಚಿಕಿತ್ಸೆಯಲ್ಲಿ ತಂದೆತಾಯಿಯೇ ಮುಂದೆ ನಿಲ್ಲುತ್ತಾರೆ. ಮೊದಮೊದಲು ಏನು, ಎಷ್ಟು ಉಣ್ಣಬೇಕು ಅನ್ನುವುದನ್ನು ಅವರೇ ನೋಡಿಕೊಂಡು, ಬೈಯದೆ, ಜೊತೆಗೆ ಕೂತು ಉಣ್ಣಿಸಬೇಕು. ಕೂಡಿ ಉಣ್ಣುವ ನಮ್ಮ ಮನೆಗಳಿಗೆ ಇದು ಹೊಸದೇನಲ್ಲ, ಬೈಯದೇ ಇರುವುದೇ ಕಷ್ಟ. ಹೆಚ್ಚಾಗಿ ದೊಡ್ಡವರಿಗೆ ಕೊಡುವ ಇನ್ನೊಂದು ಬಗೆಯ ಚಿಕಿತ್ಸೆಗೆ ಸುಮಾರು 20 ವಾರ ಬೇಕು. ಇಲ್ಲಿಗೆ ಬಂದರೆ ನಮ್ಮ ಸಿಟ್ಟು ಸರ್ಕಾರದ ಕಡೆ ತಿರುಗುತ್ತದೆ. ದೊಡ್ಡ ಮಾನಸಿಕ ಆಸ್ಪತ್ರೆ ಅಂದರೆ ಧಾರವಾಡದ ಡಿಮ್ಹಾನ್ಸ್, ರಾಣೆಬೆನ್ನೂರಿನಿಂದ ನೂರು ಕಿಲೋಮೀಟರ್ ಮೇಲಾಯಿತು. ಶಕ್ತಿ ಯೋಜನೆಯಲ್ಲಿ ಬಸ್ಸೇನೋ ಪುಕ್ಕಟೆ. ಆದರೆ ಜೊತೆಗೆ ಹೋಗುವ ತಾಯಿಗೆ 20 ಸಲ ಹೋಗುವುದೆಂದರೆ 20 ದಿನದ ಕೂಲಿ ಹೋದಂತೆ. ಕಳೆ ತೆಗೆಯುವ ಹಂಗಾಮಿನಲ್ಲಿ ಯಾರು ಬಿಡುತ್ತಾರೆ?

ಇದೇನು ಭಿಕ್ಷೆ ಅಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 18ನೇ ಕಲಂ ಪ್ರಕಾರ ಸರ್ಕಾರಿ ಮಾನಸಿಕ ಚಿಕಿತ್ಸೆ ಪ್ರತಿಯೊಬ್ಬರ ಹಕ್ಕು. ಜಿಲ್ಲೆಯಲ್ಲಿ ಕನಿಷ್ಠ ಸರ್ಕಾರಿ ಸೇವೆ ಇಲ್ಲದಿದ್ದರೆ, ಅದೇ ಜಿಲ್ಲೆಯಲ್ಲಿ ಬೇರೆ ಕಡೆ ಪಡೆದ ಚಿಕಿತ್ಸೆಯ ಖರ್ಚು ಸರ್ಕಾರದ್ದೇ ಅನ್ನುತ್ತದೆ ಕಾಯ್ದೆ. ಸಾಮಾನ್ಯ ವೈದ್ಯರಿಗೆ ಇದೆಲ್ಲ ಆಗದು ಅನ್ನಬೇಡಿ. 1985ರಲ್ಲೇ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ತರಬೇತಿ ಕೊಟ್ಟು ಮಾನಸಿಕ ಚಿಕಿತ್ಸೆ ನಡೆಸಿದರು. ಮುಂದೆ ದೇಶದ ಜಿಲ್ಲಾ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. ಮಂಗಳವಾರ ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ಮನೋಚೈತನ್ಯ ಎಂಬ ಕಾರ್ಯಕ್ರಮ ರಾಜ್ಯದಲ್ಲಿದೆ. ನಾವು ಕೇಳುವುದು ಇಷ್ಟು: ಆ ದಿನ ಮಾತ್ರೆ ಬರೆಯುವವರ ಜೊತೆಗೆ, ವಾರ ವಾರ ಅದೇ ಹುಡುಗಿಯನ್ನು ಕೂರಿಸಿ ಮಾತಾಡುವ ಒಬ್ಬ ಆಪ್ತಸಮಾಲೋಚಕರೂ ರಾಣೆಬೆನ್ನೂರು, ಬ್ಯಾಡಗಿಯಲ್ಲಿ ಇರಬೇಕು. ಮುಂದಿನ ಗ್ರಾಮಸಭೆಯಲ್ಲಿ ಚರಂಡಿ, ಬೀದಿದೀಪದ ಜೊತೆ ಇದನ್ನೂ ಬರೆಸಿ.

ಮಗಳು ತಲೆ ಸುತ್ತಿ ಬಿದ್ದರೆ, ಎದೆ ಡವಡವ ಅಂದರೆ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಅಷ್ಟು ಆಗದಿದ್ದರೆ ಮೊದಲು 14416ಕ್ಕೆ ಫೋನ್ ಮಾಡಿ. ಟೆಲಿ ಮನಸ್ ಅಂತ, 2022ರ ಅಕ್ಟೋಬರ್‌ನಲ್ಲಿ ಶುರುವಾದದ್ದು. ಹಗಲು ರಾತ್ರಿ ಇರುತ್ತದೆ, ಪುಕ್ಕಟೆ, ಕನ್ನಡದಲ್ಲೇ ಮಾತಾಡುತ್ತಾರೆ. ಮಗಳೇ ಮಾಡಬೇಕೆಂದಿಲ್ಲ. ಅವ್ವನೂ ಮಾಡಬಹುದು, ಅಣ್ಣನೂ ಮಾಡಬಹುದು.