ಕೋಲಾರದ ಸೀಮೆಯಲ್ಲಿ ರಷ್ಯಾದ ಕಥೆಗಳು

ಊರಿನ ಗ್ರಂಥಾಲಯದಲ್ಲಿ ರಷ್ಯಾದ ಮಹಾಸಾಹಿತ್ಯವನ್ನೂ ಅದರ ಪ್ರಭಾವವನ್ನೂ ಕುರಿತು ಉಪನ್ಯಾಸವಿದೆಯೆಂದರೆ, ಗೃಹಸ್ಥರಲ್ಲಿ ಬಹುಮಂದಿ ಇದು ಪಂಡಿತರ ವಿಷಯ, ನಮಗೇಕೆಂದು ಮನೆಯಲ್ಲಿಯೇ ಉಳಿಯುತ್ತಾರೆ. ಉಪನ್ಯಾಸಕರ ಪಾಲೂ ಇದರಲ್ಲಿ ಇಲ್ಲದಿಲ್ಲ. ಪುಷ್ಕಿನನಿಂದ ಮೊದಲುಮಾಡಿ ಗೋರ್ಕಿಯವರೆಗೆ ಹೆಸರುಗಳನ್ನೂ ಇಸವಿಗಳನ್ನೂ ಓದಿ ಮುಗಿಸುವ ಭಾಷಣದಲ್ಲಿ ಕೇಳುಗನಿಗೆ ನಿದ್ರೆ ಬಂದರೆ ಅವನನ್ನು ದೂರುವಂತಿಲ್ಲ. ಆದರೆ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಮನೆಗಳಿಗೆ ಈ ಕಥೆಗಳು ಪರದೇಶದ ಸರಕಲ್ಲ. ಅವು ಬಹಳ ಹಿಂದೆಯೇ ಇಲ್ಲಿಗೆ ಬಂದು ನಂಟನ್ನು ಬೆಳೆಸಿವೆ.

ಮಾಲೂರು ತಾಲ್ಲೂಕಿನ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು (೧೮೯೧–೧೯೮೬) "ಶ್ರೀನಿವಾಸ" ಎಂಬ ಹೆಸರಿನಿಂದ ಬರೆದ ಕಥೆಗಳಲ್ಲಿ ಒಂದು "ಟಾಲ್‌ಸ್ಟಾಯ್ ಮಹರ್ಷಿಯ ಭೂರ್ಜವೃಕ್ಷಗಳು". ಆ ಹೆಸರನ್ನೇ ಸ್ವಲ್ಪ ನಿಂತು ನೋಡಬೇಕು. ರಷ್ಯಾದ ಜಮೀನುದಾರನೊಬ್ಬನನ್ನು ಮಹರ್ಷಿಯೆನ್ನಲು ಮಾಸ್ತಿಯವರು ಹಿಂಜರಿಯಲಿಲ್ಲ. ಅಲ್ಲಿಯ ಬಿಳಿಯ ತೊಗಟೆಯ ಮರಕ್ಕೆ ಬೇರೆ ಪದವನ್ನು ಹುಡುಕಲೂ ಇಲ್ಲ. ಹಿಮಾಲಯದ ಭೂರ್ಜವು ಆ ಮರದ ಒಡಹುಟ್ಟೇ ಸರಿ. ಕಾಶ್ಮೀರದ ಪಂಡಿತರು ಗ್ರಂಥಗಳನ್ನು ಬರೆದಿಟ್ಟದ್ದು ಭೂರ್ಜಪತ್ರದ ಮೇಲೆ. ರಷ್ಯಾದ ನೊವ್‌ಗೊರೊದ್ ಪಟ್ಟಣದಲ್ಲಿ ೧೯೫೧ರಿಂದೀಚೆಗೆ ನೆಲವನ್ನು ಅಗೆದಾಗ ಸಿಕ್ಕಿದ ಹಳೆಯ ಓಲೆಗಳೂ, ಅಂದರೆ ಸಾಲದ ಲೆಕ್ಕಗಳೂ ಮನೆವಾರ್ತೆಯ ಪತ್ರಗಳೂ, ಅದೇ ಬಗೆಯ ತೊಗಟೆಯ ಮೇಲೆಯೇ ಇವೆ. ಹೀಗೆ ಒಂದು ಪದದಿಂದಲೇ ಎರಡು ದೇಶಗಳು ಹತ್ತಿರವಾದವು.

ಟಾಲ್‌ಸ್ಟಾಯಿಯು ಈ ಸೀಮೆಗೆ ಬಂದ ಇನ್ನೊಂದು ದಾರಿ ಗಾಂಧೀಜಿಯವರದು. ೧೯೧೦ರಲ್ಲಿ ಆಫ್ರಿಕಾದ ಜೊಹಾನ್ಸ್‌ಬರ್ಗಿನ ಬಳಿ ಟಾಲ್‌ಸ್ಟಾಯಿಯ ಹೆಸರಿನಲ್ಲಿ ಆಶ್ರಮವನ್ನು ಕಟ್ಟಿದ ಅವರು, ೧೯೨೭ರಲ್ಲಿಯೂ ೧೯೩೬ರಲ್ಲಿಯೂ ದೇಹಾಲಸ್ಯ ಕಳೆಯಲು ತಂಗಿದ್ದ ನಂದಿಬೆಟ್ಟವು ಆಗ ಕೋಲಾರ ಜಿಲ್ಲೆಗೇ ಸೇರಿತ್ತು.

ಇನ್ನು ಕಥೆಗಳಿಗೆ ಬರೋಣ. ಮಾಲೂರಿನಲ್ಲಿ ಉಪನ್ಯಾಸವಾದರೆ, ಮನುಷ್ಯನಿಗೆ ಎಷ್ಟು ಭೂಮಿ ಬೇಕೆಂದು ಕೇಳುವ ಟಾಲ್‌ಸ್ಟಾಯಿಯ ೧೮೮೬ರ ಕಥೆಯಿಂದ ಮೊದಲುಮಾಡಬೇಕೆಂದು ನಮ್ಮ ಅಭಿಪ್ರಾಯ. ಪಾಹೋಮ್ ಎಂಬ ರೈತನಿಗೆ ದೂರದ ಬಯಲಿನ ಜನರು ಒಂದು ಕರಾರು ಹೇಳುತ್ತಾರೆ: ಸಾವಿರ ರೂಬಲ್ ಕೊಡು, ಸೂರ್ಯೋದಯದಿಂದ ಸೂರ್ಯಾಸ್ತದೊಳಗೆ ಎಷ್ಟು ನೆಲವನ್ನು ಸುತ್ತಿ ಹೊರಟ ಜಾಗಕ್ಕೆ ಮರಳುವೆಯೋ ಅಷ್ಟೂ ನಿನ್ನದು. ಅವನು ಹೊರಡುತ್ತಾನೆ. ಅಗೋ ಆ ತಗ್ಗು ಚೆನ್ನಾಗಿದೆ, ಅದನ್ನು ಹೇಗೆ ಬಿಡುವುದು ಎಂದು ಸುತ್ತು ದೊಡ್ಡದಾಗುತ್ತ ಹೋಗುತ್ತದೆ. ಕೊನೆಗೆ ಓಡೋಡಿ ಬಂದು, ಗುರುತಿನ ಜಾಗವನ್ನು ಮುಟ್ಟಿಯೇ ಪ್ರಾಣ ಬಿಡುತ್ತಾನೆ. ಅವನ ಆಳು ಅವನಿಗಾಗಿ ಅಗೆದದ್ದು ಆರಡಿ ನೆಲ. ಬೆಂಗಳೂರಿನ ಮಗ್ಗುಲಲ್ಲಿದ್ದು, ಹೊಲಗಳು ಬಡಾವಣೆಗಳಾಗಿ ಸೈಟಿನ ಕಲ್ಲುಗಳು ಏಳುವುದನ್ನು ಕಂಡವರಿಗೆ ಈ ಕಥೆಗೆ ಟೀಕೆ ಟಿಪ್ಪಣಿಗಳು ಬೇಕಿಲ್ಲ.

ಶ್ರೀನಿವಾಸಪುರಕ್ಕೆ ಚೆಕಾಫನ ನಾಟಕವೇ ತಕ್ಕದ್ದು. ೧೯೦೪ರಲ್ಲಿ ಮಾಸ್ಕೋದಲ್ಲಿ ಆಡಿದ ಆ ನಾಟಕದಲ್ಲಿ, ಹಿರಿಯರ ಕಾಲದ ಚೆರಿಹಣ್ಣಿನ ತೋಟವು ಸಾಲಕ್ಕಾಗಿ ಹರಾಜಾಗುತ್ತದೆ. ಕೊಂಡವನು ಬೇರಾರೂ ಅಲ್ಲ. ಅದೇ ಜಮೀನಿನಲ್ಲಿ ಜೀತವಿದ್ದವರ ಕುಲದ ಮಗ. ತೆರೆ ಬೀಳುವಾಗ ಮರಕ್ಕೆ ಕೊಡಲಿ ಬೀಳುವ ಸದ್ದು ಕೇಳಿಸುತ್ತದೆ. ಚೆರಿ ಎಂದಲ್ಲಿ ಮಾವು ಎಂದು ಓದಿಕೊಂಡರೆ ಸಾಕು. ಚೆಕಾಫನು ಇದನ್ನು ಹಾಸ್ಯನಾಟಕವೆಂದು ಕರೆದನು. ತೋಪನ್ನು ಕಳೆದುಕೊಂಡ ಮನೆಯವರು ಏನೆನ್ನುತ್ತಾರೋ ಕೇಳಬೇಕು.

ಗೃಹಿಣಿಯರ ಮುಂದೆ ಮಾತ್ರ ಇನ್ನೊಂದು ವಿಷಯವನ್ನು ಮರೆಸಬಾರದು. ೧೮೬೨ರಲ್ಲಿ ಹದಿನೆಂಟರ ವಯಸ್ಸಿನಲ್ಲಿ ಟಾಲ್‌ಸ್ಟಾಯಿಯ ಕೈಹಿಡಿದ ಸೋಫಿಯಾ ಹದಿಮೂರು ಮಕ್ಕಳನ್ನು ಹೆತ್ತಳು. "ಯುದ್ಧ ಮತ್ತು ಶಾಂತಿ"ಯ ಚಿತ್ತು ಕಾಟುಗಳ ಹಸ್ತಪ್ರತಿಯನ್ನು ಮತ್ತೆ ಮತ್ತೆ ಶುದ್ಧವಾಗಿ ನಕಲು ಮಾಡಿದಳು. ಪತಿಯು ಆಸ್ತಿಯನ್ನೂ ಗ್ರಂಥಗಳ ಹಕ್ಕನ್ನೂ ತ್ಯಜಿಸಬೇಕೆಂದಾಗ, ಮಕ್ಕಳ ಗತಿಯೇನೆಂದು ಅಡ್ಡ ನಿಂತಳು. ೧೯೧೦ರಲ್ಲಿ ಎಂಬತ್ತೆರಡರ ವೃದ್ಧನು ಒಂದು ರಾತ್ರಿ ಪತ್ರವೊಂದನ್ನು ಬರೆದಿಟ್ಟು ಮನೆಬಿಟ್ಟು, ಅಸ್ತಾಪೊವೊ ಎಂಬ ರೈಲ್ವೆ ನಿಲ್ದಾಣದಲ್ಲಿ ತೀರಿಕೊಂಡನು. ಧಾವಿಸಿ ಬಂದ ಹೆಂಡತಿಯನ್ನು, ಅವನಿಗೆ ಪ್ರಜ್ಞೆ ತಪ್ಪುವವರೆಗೂ ಒಳಗೆ ಬಿಡಲಿಲ್ಲ. ನಮ್ಮ ಯಾಜ್ಞವಲ್ಕ್ಯರು ಹೊರಡುವ ಮುನ್ನ ಮೈತ್ರೇಯಿಯನ್ನು ಎದುರಿಗೆ ಕೂರಿಸಿಕೊಂಡು ಮಾತನಾಡಿದರೆಂಬುದನ್ನು ನಾವು ಇಲ್ಲಿ ನೆನೆಯದೆ ಇರಲಾರೆವು. ಮಹರ್ಷಿಪದವಿಗೆ ಇದರಿಂದ ಕುಂದೋ ಅಲ್ಲವೋ ಎಂಬುದನ್ನು ಸಭೆಯೇ ಚರ್ಚಿಸಲಿ. ಸೋಫಿಯಾಳ ಪಕ್ಷವನ್ನು ಹೆಂಗಸರೇ ವಹಿಸಿ ಮಾತನಾಡುವುದು ಮೇಲು.

ಚರ್ಚೆಯ ಕ್ರಮಕ್ಕೆ ಮುಳಬಾಗಿಲಿನವರು ಹೊರಗೆ ಹುಡುಕಬೇಕಾಗಿಲ್ಲ. ಅವರ ಊರಿನಲ್ಲಿ ಹುಟ್ಟಿದ ಡಿ. ವಿ. ಗುಂಡಪ್ಪನವರು ೧೯೪೫ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಗೋಖಲೆ ಸಂಸ್ಥೆಯಲ್ಲಿ ಹಲವರು ಒಟ್ಟಿಗೆ ಕುಳಿತು ಗ್ರಂಥವನ್ನು ಓದಿ ವಿಚಾರ ಮಾಡುತ್ತಿದ್ದರು. ಮೊದಲು ಒಬ್ಬರು ಕಥೆಯನ್ನು ಗಟ್ಟಿಯಾಗಿ ಓದಲಿ. ಉಪನ್ಯಾಸಕರು ಆಮೇಲೆ ಏಳಲಿ.

ಪುಸ್ತಕಗಳಿಗೂ ಕೊರತೆಯಿಲ್ಲ. "ಯುದ್ಧ ಮತ್ತು ಶಾಂತಿ"ಯನ್ನು ದೇ. ಜವರೇಗೌಡರೂ ಅನಂತರ ಓ. ಎಲ್. ನಾಗಭೂಷಣ ಸ್ವಾಮಿಯವರೂ, ಗೋರ್ಕಿಯ "ತಾಯಿ"ಯನ್ನು ನಿರಂಜನರೂ ಕನ್ನಡಿಸಿದ್ದಾರೆ. ೧೯೬೫ರ ಗ್ರಂಥಾಲಯ ಕಾನೂನಿನಂತೆ ಮನೆಕಂದಾಯದೊಡನೆ ಗ್ರಂಥಾಲಯದ ಕರವನ್ನೂ ಗೃಹಸ್ಥರು ತೆರುತ್ತಿರುವರಾದ್ದರಿಂದ, ಬೇಕಾದ ಪುಸ್ತಕವನ್ನು ತರಿಸಿಕೊಡಿರೆಂದು ಕೇಳಲು ಸಂಕೋಚಪಡಬೇಕಾಗಿಲ್ಲ. ಚೆಕಾಫನು ತಾನು ಹುಟ್ಟಿದ ತಗನ್‌ರೋಗ್ ಊರಿನ ಗ್ರಂಥಾಲಯಕ್ಕೆ ವರ್ಷವರ್ಷವೂ ಪೆಟ್ಟಿಗೆಗಟ್ಟಲೆ ಪುಸ್ತಕಗಳನ್ನು ಕಳುಹಿಸುತ್ತಿದ್ದನು. ಮಾಸ್ತಿ ಗ್ರಾಮದಲ್ಲಿ ಮಾಸ್ತಿಯವರ ಮನೆಯೇ ಈಗ ಗ್ರಂಥಾಲಯವಾಗಿದೆ. ಭೂರ್ಜವೃಕ್ಷದ ಕಥೆಯನ್ನು ಓದಲು ಅದಕ್ಕಿಂತ ಒಪ್ಪುವ ಜಾಗ ನಮಗೆ ತೋರದು. ಭಾನುವಾರ ಮಧ್ಯಾಹ್ನ, ಅಡಿಗೆಮನೆಯ ಕೆಲಸ ಮುಗಿದ ಮೇಲೆ ಇಟ್ಟುಕೊಂಡರೆ ಹೆಂಗಸರಿಗೂ ಬರಲು ಅನುಕೂಲವಾದೀತು.